ಒಂದು ಲೀಟರ್ ಹಿಡಿಯುವ ಡಬ್ಬಿ

ಕೀಲಿ ಅಮೂಲ್ಯಳ ಕೈಯಲ್ಲಿತ್ತು. ಎಂಜಿನ್ ಮಾತ್ರ ನಿಂತಿರಲಿಲ್ಲ.

ಕಾರಿನಿಂದ ಇಳಿದು, ಬಾಗಿಲನ್ನು ತೆರೆದೇ ಬಿಟ್ಟು, ಅವಳು ಕೈಯಲ್ಲಿದ್ದ ಕೀಲಿಯನ್ನೊಮ್ಮೆ ಕಾರನ್ನೊಮ್ಮೆ ನೋಡುತ್ತ ನಿಂತಿದ್ದಳು. ಸದ್ದು ಏರುತ್ತಲೇ ಇತ್ತು, ಯಾರೋ ಒಳಗೆ ಕೂತು ಆಕ್ಸಿಲರೇಟರನ್ನು ತಳಕ್ಕೆ ಒತ್ತಿ ಹಿಡಿದಿರುವ ಹಾಗೆ. ಒಳಗೆ ಯಾರೂ ಇರಲಿಲ್ಲ. ಹಿಂದಿನ ಕೊಳವೆಯಿಂದ ದಟ್ಟ ಬಿಳಿ ಹೊಗೆ ಬಂದು ಪಕ್ಕದ ಸ್ಕೂಟರುಗಳನ್ನು ಮುಚ್ಚಿ ಮೊದಲ ಮಹಡಿಯ ಬಾಲ್ಕನಿಗಳಿಗೆ ಏರುತ್ತಿತ್ತು.

ಏಕನಾಥ ಬೂತಿನಿಂದ ಎರಡು ಪ್ಯಾಕೆಟ್ ಹಾಲು ಹಿಡಿದು ಆಗಷ್ಟೇ ದೆಹಲಿಯ ತಮ್ಮ ಫ್ಲಾಟುಗಳ ಸೊಸೈಟಿಯ ಗೇಟಿನೊಳಗೆ ಬಂದಿದ್ದ. ದಸರೆಯ ಸಂಜೆ. ಹೊಗೆ ನೋಡಿದಾಗ ಮಕ್ಕಳು ರಾವಣನ ಬೊಂಬೆ ಸುಡುವ ಮುಂಚೆಯೇ ಪಟಾಕಿ ಹಚ್ಚಿದ್ದಾರೆ ಅಂದುಕೊಂಡ. ಆಮೇಲೆ ಆ ಸದ್ದು ತನ್ನ ಮನೆಯ ಕಾರಿನದೆಂದು ಗೊತ್ತಾಯಿತು.

"ಅಪ್ಪಾ, ನಿಲ್ತಿಲ್ಲ ಅಪ್ಪಾ! ಆಫ್ ಮಾಡಿದೀನಿ, ಆದ್ರೂ ನಿಲ್ತಿಲ್ಲ!"

"ಆಗ್ ಲಗ್ ಜಾಯೇಗೀ! ಸಬ್ ಪೀಛೆ!" ಬೆಂಕಿ ಹತ್ತುತ್ತೆ, ಎಲ್ಲರೂ ಹಿಂದೆ ಸರೀರಿ ಎಂದು ಹಿಂದಿಯಲ್ಲಿ ಕೂಗುತ್ತ ಗೇಟಿನ ಕಾವಲುಗಾರ ಮರಳಿನ ಬಕೀಟು ಹಿಡಿದು ಓಡಿ ಬಂದವನು ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ. ಸದ್ದು ಇನ್ನೂ ಏರಿತು. ಬಾನೆಟ್ಟು ನಡುಗುತ್ತಿತ್ತು. ಅದರ ಮೇಲೆ ನಿನ್ನೆ ಹಚ್ಚಿದ ಕುಂಕುಮದ ಬೊಟ್ಟು, ಗ್ರಿಲ್ಲಿಗೆ ಕಟ್ಟಿದ ಚೆಂಡುಹೂವಿನ ಮಾಲೆ ಎರಡೂ ಅದುರುತ್ತಿದ್ದವು.

ಅಮೂಲ್ಯ ತಂದೆಯ ಕಡೆ ತಿರುಗಿ, "ಪೀಛೆ ಹಟೋ ಪಾಪಾ!" ಎಂದು ಕಿರುಚಿದಳು. ಅವಳು ಅವನನ್ನು ಯಾವತ್ತೂ ಪಾಪಾ ಅಂದವಳಲ್ಲ. ಹಾಗೆಂದವಳೇ ಹೊಗೆಯೊಳಗೆ ನುಗ್ಗಿ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು.

ತಡೆಯಬೇಕಿತ್ತು. ಕೈ ಹಿಡಿದು ಎಳೆಯಬೇಕಿತ್ತು. ಏಕನಾಥನ ಕಾಲು ಅಲುಗಲಿಲ್ಲ. ಗಾಜಿನ ಹಿಂದೆ ಅವಳ ಭುಜ ಗೇರಿನ ಕಡೆ ಬಾಗಿದ್ದು ಕಂಡಿತು. ಕಡೆಯ ಗೇರು ಹಾಕಿ, ಬ್ರೇಕನ್ನು ಮೆಟ್ಟಿ ಹಿಡಿದು, ಕ್ಲಚ್ಚನ್ನು ಒಮ್ಮೆಲೇ ಬಿಟ್ಟಳು. ಕಾರು ಮುಗ್ಗರಿಸಿದಂತೆ ಒಂದು ಗೇಣು ಮುಂದಕ್ಕೆ ಹಾರಿತು, ಮೈಯೆಲ್ಲ ಗಡಗಡ ಅದುರಿತು, ನಿಂತಿತು.

ಆ ಮೌನದಲ್ಲಿ ಏಕನಾಥನಿಗೆ ಕಾಲು ಒದ್ದೆಯಾದದ್ದು ತಿಳಿಯಿತು. ಕೈಯಲ್ಲಿದ್ದ ಪ್ಯಾಕೆಟ್ಟನ್ನು ಅವನೇ ಹಿಸುಕಿ ಒಡೆದಿದ್ದ. ಹಾಲು ಚಪ್ಪಲಿಯ ಮೇಲೆ ಸುರಿಯುತ್ತಿತ್ತು.

ಸೊಸೈಟಿಯ ಹಿಂಗೋಡೆಗೆ ತಗಡು ಹೊದಿಸಿಕೊಂಡು ರಿಪೇರಿ ಅಂಗಡಿ ಇಟ್ಟಿರುವ ನಸೀಮ್ ಮರುದಿನ ಬೆಳಿಗ್ಗೆ ಬಂದು ಬಾನೆಟ್ ಎತ್ತಿದ. ಎಂಜಿನ್ನಿಗೆ ಗಾಳಿ ನೂಕುವ ಟರ್ಬೋಗೆ ಹೋಗುವ ದಪ್ಪ ಕೊಳವೆಯನ್ನು ಬಿಚ್ಚಿ, ಒಳಗೆ ಬೆರಳು ಹಾಕಿ ಚಕ್ರದ ಅಚ್ಚನ್ನು ಅಲ್ಲಾಡಿಸಿ ನೋಡಿದ. ಏಕನಾಥ ಆಫೀಸಿನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ನಿಂತಿದ್ದ. ಮೆಟ್ರೋ ಹಿಡಿಯುವ ಹೊತ್ತು ಮೀರಿತ್ತು.

"ಟರ್ಬೋ ಗಟ್ಟಿಯಾಗಿದೆ ಸರ್" ಎಂದ ನಸೀಮ್ ಹಿಂದಿಯಲ್ಲಿ. "ಡೀಸೆಲ್ ಗಾಡಿಗೆ ಕೀಲಿ ಅಂದ್ರೆ ಡೀಸೆಲ್ ನಿಲ್ಲಿಸೋದು, ಅಷ್ಟೇ. ತನ್ನದೇ ಎಂಜಿನ್ ಆಯಿಲ್ ಕುಡಿಯೋಕೆ ಸಿಕ್ಕಿಬಿಟ್ಟರೆ ಅದು ಕೀಲಿಯ ಮಾತು ಯಾಕೆ ಕೇಳುತ್ತೆ? ಇರೋ ಆಯಿಲನ್ನೆಲ್ಲ ಕುಡಿದು ಒಡೆದುಹೋಗೋವರೆಗೂ ಓಡುತ್ತೆ. ದೀದಿ ಧೈರ್ಯ ಮಾಡದೆ ಇದ್ದಿದ್ರೆ ಇವತ್ತು ನನ್ನನ್ನ ಕರೆಯೋ ಕೆಲಸಾನೇ ಇರ್ತಿರಲಿಲ್ಲ."

"ಆಯಿಲ್ ಅಲ್ಲಿಗೆ ಹೋಯ್ತು ಹೇಗೆ?" ಅಮೂಲ್ಯ ಕೇಳಿದಳು.

ನಸೀಮ್ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ಬೆಳಕಿಗೆ ಹಿಡಿದ. ಏಕನಾಥ ಒಂದು ಹೆಜ್ಜೆ ಹತ್ತಿರ ಬಂದ. ಕಡ್ಡಿಯ ಎರಡು ಗುರುತುಗಳ ನಡುವೆ, ಎಲ್ಲಿರಬೇಕೋ ಅಲ್ಲೇ, ಕಪ್ಪು ಆಯಿಲ್ ಹೊಳೆಯುತ್ತಿತ್ತು.

"ಲೆವೆಲ್ ಬಿಲ್ಕುಲ್ ಠೀಕ್. ಅಂದ್ರೆ ಎಂಜಿನ್ ಉಸಿರು ಬಿಡೋ ಪೈಪಿದೆಯಲ್ಲ, ಅದರಲ್ಲಿ ಆಯಿಲ್ ಆವಿಯಾಗಿ ಬರ್ತಿದೆ. ಏಳು ವರ್ಷದ ಗಾಡಿ. ನಡುವೆ ಒಂದು ಕ್ಯಾಚ್ ಕ್ಯಾನ್ ಕೂರಿಸಿಬಿಡೋಣ. ಒಂದು ಡಬ್ಬಿ, ಅಷ್ಟೇ. ಆಯಿಲ್ ಅದರಲ್ಲಿ ಉಳಿಯುತ್ತೆ, ಬರೀ ಗಾಳಿ ಮುಂದಕ್ಕೆ ಹೋಗುತ್ತೆ. ಕಶ್ಮೀರಿ ಗೇಟಿನ ಬಿಡಿಭಾಗಗಳ ಬಜಾರಿಂದ ತಂದುಕೊಡಿ, ಭಾನುವಾರ ಹಾಕ್ತೀನಿ."

ಅಮೂಲ್ಯ ಆಗಲೇ ಫೋನಿನಲ್ಲಿ ಹುಡುಕುತ್ತಿದ್ದಳು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ಫರೀದಾಬಾದಿನಲ್ಲಿರಬೇಕು. ಅವಳದು ಮನೆಮನೆಗೆ ಹೋಗುವ ಫಿಸಿಯೋಥೆರಪಿ. ಮಂಡಿ ಆಪರೇಷನ್ ಆದ ಮುದುಕಿಯರನ್ನು ಎಬ್ಬಿಸಿ ನಡೆಸುವುದು. ಫರೀದಾಬಾದ್, ಅಲ್ಲಿಂದ ನೋಯ್ಡಾ, ಅಲ್ಲಿಂದ ಇಂದಿರಾಪುರಂ. ಕಾರಿಲ್ಲದೆ ಆ ಕೆಲಸವಿಲ್ಲ.

ಅವರಿಬ್ಬರೂ ಡಬ್ಬಿಯ ಅಳತೆ ಮಾತಾಡುತ್ತಿರುವಾಗ ಏಕನಾಥ ಆ ಕಡ್ಡಿಯನ್ನೇ ನೋಡುತ್ತಿದ್ದ. ಅದು ಅವನ ಪರವಾಗಿ ಸಾಕ್ಷಿ ಹೇಳಿತ್ತು. ಹೆಚ್ಚಾಗಿದ್ದದ್ದೆಲ್ಲ ನಿನ್ನೆ ಬಿಳಿ ಹೊಗೆಯಾಗಿ ಹೋಗಿತ್ತು. ಏನು ಹೆಚ್ಚಾಗಿತ್ತು ಅನ್ನುವುದು ಈಗ ಅವನೊಬ್ಬನಿಗೇ ಗೊತ್ತು.

ಅವನ ತಂದೆ ಚಿತ್ರದುರ್ಗ ಡಿಪೋದಲ್ಲಿ ಬಸ್ ಡ್ರೈವರ್ ಆಗಿದ್ದರು. ಆಯುಧಪೂಜೆಯ ಬೆಳಿಗ್ಗೆ ಬಸ್ಸು ತೊಳೆದು, ಬಾಳೆಕಂದು ಕಟ್ಟುವ ಮೊದಲು, ಎಂಜಿನ್ನಿಗೆ ಅಳತೆಗಿಂತ ಒಂದಿಷ್ಟು ಹೆಚ್ಚೇ ಆಯಿಲ್ ಸುರಿಯುತ್ತಿದ್ದರು. "ಹಬ್ಬದ ದಿನ ಗಾಡಿಗೂ ಹೊಟ್ಟೆ ತುಂಬಿರ್ಬೇಕು ಕಣೋ" ಎನ್ನುತ್ತಿದ್ದರು. ಆ ಹಳೆಯ ಬಸ್ಸುಗಳು ಹೇಗಿದ್ದರೂ ಹೊಗೆ ಬಿಡುತ್ತ, ಆಯಿಲ್ ಕುಡಿಯುತ್ತ ಓಡುತ್ತಿದ್ದವು. ಹೆಚ್ಚು ಹಾಕಿದ್ದು ಹೊಳಲ್ಕೆರೆ ಮುಟ್ಟುವಷ್ಟರಲ್ಲಿ ಮುಗಿದಿರುತ್ತಿತ್ತು. ದೆಹಲಿಗೆ ಬಂದು ಮೂವತ್ತನಾಲ್ಕು ವರ್ಷವಾದರೂ, ಲೋಧಿ ಕಾಲೋನಿಯ ಸರ್ಕಾರಿ ಮನೆಯಿಂದ ಮಯೂರ್ ವಿಹಾರದ ಸ್ವಂತ ಫ್ಲಾಟಿಗೆ ಬಂದ ಮೇಲೂ, ಏಕನಾಥ ಅದನ್ನು ಬಿಟ್ಟಿರಲಿಲ್ಲ. ಹಳೆಯ ಪೆಟ್ರೋಲ್ ಕಾರಿಗೆ, ಆಮೇಲೆ ಈ ಡೀಸೆಲ್ ಕಾರಿಗೂ, ಒಂದು ಮುಚ್ಚಳದಷ್ಟು ಹಾಕಿ ಕೈಮುಗಿಯುತ್ತಿದ್ದ. ಏನೂ ಆಗಿರಲಿಲ್ಲ.

ಈ ಸಲ ಪೂಜೆಗೆ ತಡವಾಗಿತ್ತು. ಅಮೂಲ್ಯ ಒಂದು ಮನೆ ಮುಗಿಸಿ ಆಗಷ್ಟೇ ಕಾರು ತಂದು ನಿಲ್ಲಿಸಿದ್ದಳು. ಬಿಸಿ ಎಂಜಿನ್ನಿನಲ್ಲಿ ಆಯಿಲ್ ಇನ್ನೂ ಕೆಳಗಿಳಿದಿರುವುದಿಲ್ಲ, ಕಾಯಬೇಕು. ಅದು ಅವನಿಗೆ ಗೊತ್ತಿದ್ದ ವಿಷಯವೇ. ಆದರೆ ಮೇಲಿನಿಂದ ಹೆಂಡತಿ ಹಂಸಾ ಕರೆಯುತ್ತಿದ್ದಳು, ಆರತಿಗೆ ಹೊತ್ತಾಗಿತ್ತು. ಕಡ್ಡಿ ಕಡಿಮೆ ತೋರಿಸಿತು. ಒಂದು ಲೀಟರಿನ ಹೊಸ ಡಬ್ಬಿ ಒಡೆದು ಅರ್ಧ ಸುರಿದ. ಪೂಜೆಯ ದಿನ ಅರ್ಧ ಉಳಿಸಿ ಮುಚ್ಚಿಡುವುದಕ್ಕೆ ಮನಸ್ಸು ಬರಲಿಲ್ಲ. ಉಳಿದದ್ದನ್ನೂ ಸುರಿದ.

"ನಿಂಬೆಹಣ್ಣು ಕಣ್ರೀ" ಎಂದಳು ಹಂಸಾ ಶುಕ್ರವಾರ ರಾತ್ರಿ ಊಟಕ್ಕೆ ಬಡಿಸುತ್ತ. "ಹಿಂದಿನ ಎಡಗಡೆ ಚಕ್ರದ ಕೆಳಗಿಂದು ಜಾರಿಕೊಂಡು ಹೋಯ್ತಲ್ಲ, ಅವತ್ತೇ ನನ್ನ ಎದೆ ಹೊಡ್ಕೊಳ್ತು. ಇನ್ನೊಂದು ಇಡೋಣ ಅಂದ್ರೆ ಇವಳು ಕೇಳಿದ್ಲಾ?"

"ಅಮ್ಮಾ ಪ್ಲೀಸ್. ನಿಂಬೆಹಣ್ಣಿಗೂ ಟರ್ಬೋಗೂ ಕ್ಯಾ ಲೇನಾ ದೇನಾ?"

"ನಗು ನಗು. ಆ ಕಾರು ಮಾರಿಬಿಡಿ ಅಂದ್ರೆ ಮಾರಿಬಿಡಿ. ನೀವಾದ್ರೂ ಹೇಳ್ರೀ."

ಏಕನಾಥ ಅನ್ನಕ್ಕೆ ಸಾರು ಕಲಸುತ್ತಿದ್ದ. ನಿಂಬೆಹಣ್ಣೇ ಇರಬಹುದು ಎಂದು ಒಂದು ಮಾತು ಅಂದರೆ ಸಾಕಿತ್ತು. ಮನೆಯಲ್ಲಿ ಇನ್ನು ಹತ್ತು ವರ್ಷ ಆ ನಿಂಬೆಹಣ್ಣಿನ ಮಾತೇ ಉಳಿಯುತ್ತಿತ್ತು. ಅವನು ಇನ್ನಷ್ಟು ಸಾರು ಹಾಕಿಕೊಂಡ. ಮಗಳು ಗಾಜಿನ ಹಿಂದೆ ಗೇರಿಗೆ ಬಾಗಿದ್ದೇ ಕಣ್ಣಿಗೆ ಬರುತ್ತಿತ್ತು, ಆಮೇಲೆ ಗಾಜು ಹೊಗೆಯಿಂದ ಬಿಳಿಯಾಗುವುದು. ನಿದ್ದೆ ಹತ್ತಿದರೆ ಅವಳು ಕಡೆಯ ಗೇರು ಹಾಕುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಶನಿವಾರ ಆಫೀಸಿಗೆ ರಜೆ. ಇಬ್ಬರೂ ಮೆಟ್ರೋದಲ್ಲಿ ಕಶ್ಮೀರಿ ಗೇಟಿಗೆ ಹೋದರು. ಕಾರು ತೆಗೆಯೋದು ಬೇಡ ಎಂದು ಏಕನಾಥ ಎರಡು ಸಲ ಹೇಳಿದ್ದ, ಮೂರನೆಯ ಸಲ ಹೇಳುವಾಗ ಅಮೂಲ್ಯ ಅವನ ಮುಖವನ್ನೇ ನೋಡಿದ್ದಳು.

ಗಲ್ಲಿಯ ಎರಡೂ ಕಡೆ ಬಂಪರುಗಳು ನೇತಾಡುತ್ತಿದ್ದವು. ಹೆಡ್‌ಲೈಟುಗಳು ಮೀನಿನ ಕಣ್ಣಿನ ಹಾಗೆ ಅಟ್ಟಿಯಾಗಿ ಬಿದ್ದಿದ್ದವು. ಕೈಗಾಡಿಯವನೊಬ್ಬ ಇಡೀ ಎಂಜಿನ್ನೊಂದನ್ನು ಗೋಣಿ ಹೊದಿಸಿ ತಳ್ಳಿಕೊಂಡು ಬಂದಾಗ ಎಲ್ಲರೂ ಗೋಡೆಗೆ ಅಂಟಿಕೊಳ್ಳಬೇಕಾಯಿತು. ಅಮೂಲ್ಯ ಹೆಸರು ಬರೆದುಕೊಂಡು ಬಂದಿದ್ದ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಯಜಮಾನ ಎಪ್ಪತ್ತರ ಹತ್ತಿರದವನು. ಕನ್ನಡಕವನ್ನು ಹಣೆಗೇರಿಸಿಕೊಂಡು ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ಕ್ಯಾಚ್ ಕ್ಯಾನ್ ಎನ್ನುತ್ತಲೇ ಮೂರು ಡಬ್ಬಿಗಳನ್ನು ಮೇಜಿನ ಮೇಲೆ ಇಟ್ಟ.

ಮೊದಲನೆಯದು ಕೆಂಪು ಬಣ್ಣದ್ದು, ಕನ್ನಡಿಯಂತೆ ಹೊಳೆಯುತ್ತಿತ್ತು. ಅಮೂಲ್ಯ ಮುಚ್ಚಳ ತಿರುಗಿಸಿ ಒಳಗೆ ಫೋನಿನ ಬೆಳಕು ಬಿಟ್ಟಳು. "ಖಾಲಿ. ಒಳಗೆ ಜಾಲರಿ ಇಲ್ಲ ಏನಿಲ್ಲ. ಆಯಿಲ್ ಈ ಕಡೆ ಬಂದು ಆ ಕಡೆ ಹೋಗುತ್ತೆ."

"ಅದು ಬಾನೆಟ್ ತೆಗೆದು ಸ್ನೇಹಿತರಿಗೆ ತೋರಿಸೋಕೆ ಬೇಟಾ" ಎಂದ ಯಜಮಾನ.

ಎರಡನೆಯದು ಕಪ್ಪು, ಅಂಗೈಯಗಲ. ಒಳಗೆ ಅಡ್ಡ ತಗಡು, ಉಕ್ಕಿನ ಜಾಲರಿ, ತಳದಲ್ಲಿ ಆಯಿಲ್ ಇಳಿಸುವ ಪುಟ್ಟ ನಲ್ಲಿ. ಅಮೂಲ್ಯ ಡಬ್ಬಿಯ ಬಾಯಿಯ ಅಗಲವನ್ನು ಅಳತೆಪಟ್ಟಿಯಿಂದ ಅಳೆದಳು. ಪೈಪು ಕಿರಿದಾದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಸೀಲುಗಳು ಒಡೆಯುತ್ತವೆ ಎಂದು ತಂದೆಗೆ ವಿವರಿಸಿದಳು. ಸರಿಯಾಗಿತ್ತು. "ಅಪ್ಪಾ, ಇದೇ. ನಾನು ನೋಡಿಟ್ಟಿದ್ದು ಇದೇ ಥರದ್ದು." ಆಮೇಲೆ ಧ್ವನಿ ತಗ್ಗಿಸದೆ, ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ, "ಕಡಿಮೆ ಮಾಡ್ತಾನಾ ನೋಡೋಣ, ಇಷ್ಟವಾಯ್ತು ಅಂತ ಮುಖದಲ್ಲಿ ತೋರಿಸ್ಬೇಡ" ಎಂದಳು. ಅಂಗಡಿಗಳಲ್ಲಿ ಅವರ ಮನೆಯವರೆಲ್ಲ ಕನ್ನಡವನ್ನು ಹೀಗೇ ಬಳಸುತ್ತಿದ್ದದ್ದು.

ಏಕನಾಥನ ಕಣ್ಣು ಮೂರನೆಯದರ ಮೇಲಿತ್ತು. ಅದು ದೊಡ್ಡದು, ಲಾರಿಯದೋ ಏನೋ. ಕೈಯಲ್ಲಿ ಎತ್ತಿ ತೂಗಿ ನೋಡಿದ.

"ಇದ್ರಲ್ಲಿ ಒಂದು ಲೀಟರ್ ಹಿಡಿಯುತ್ತಾ?" ಎಂದು ಹಿಂದಿಯಲ್ಲಿ ಕೇಳಿದ.

"ಅಪ್ಪಾ, ಅದು ಕೂರೋಕೆ ಜಾಗಾನೇ ಇಲ್ಲ."

"ಇರ್ಲಿ, ಕೇಳ್ತೀನಿ. ಒಂದು ಲೀಟರ್ ಪೂರ್ತಿ ಹಿಡಿಯುತ್ತಾ?"

ಯಜಮಾನ ಚಹಾದ ಲೋಟ ಕೆಳಗಿಟ್ಟು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದ. "ಒಂದು ಲೀಟರ್ ಯಾಕೆ ಸಾಹೇಬರೇ? ತಿಂಗಳಿಗೆ ನಾಲ್ಕು ಚಮಚ ಬಂದರೆ ಹೆಚ್ಚು. ಒಂದು ಲೀಟರ್ ಬರೋ ಗಾಡಿಗೆ ಡಬ್ಬಿ ಅಲ್ಲ, ಬೇರೆ ಎಂಜಿನ್ನೇ ಬೇಕು. ಏನಾಯ್ತು ಗಾಡಿಗೆ?"

ಅಮೂಲ್ಯ ಹೇಳಿದಳು. ಹೊಗೆ, ಕೀಲಿ, ಕಡೆಯ ಗೇರು. ಯಜಮಾನ ತಲೆಯಾಡಿಸುತ್ತ ಕೇಳಿದ.

"ಆಯಿಲ್ ಹೆಚ್ಚು ಹಾಕಿದ್ರಾ?"

"ಇಲ್ಲ. ಲೆವೆಲ್ ಸರಿಯಾಗೇ ಇತ್ತು. ಪ್ರತಿ ಭಾನುವಾರ ನಮ್ಮಪ್ಪನೇ ಚೆಕ್ ಮಾಡೋದು, ಅವರು ಬಹಳ ಕೇರ್‌ಫುಲ್."

"ಗಾಡಿ ಓಡಿ ಸುಟ್ಟ ಮೇಲೆ ಸರಿಯಾಗೇ ಇರುತ್ತೆ ಬೇಟಾ. ಮೊದಲು ಎಷ್ಟಿತ್ತು ಅಂತ ನಾನು ಕೇಳಿದ್ದು." ಅವನು ಮೇಜಿನ ಮೇಲೆ ಬೆರಳಿನಿಂದ ಒಂದು ಚೌಕ ಬರೆದ. "ಟರ್ಬೋ ಮುಂದೆ ಇಂಟರ್‌ಕೂಲರ್ ಇರುತ್ತೆ, ರೇಡಿಯೇಟರಿನ ಥರ. ಆಯಿಲ್ ಹೆಚ್ಚಾಗಿ ಹೋಗಿದ್ರೆ ಸುಟ್ಟಿದ್ದು ಸುಟ್ಟು ಉಳಿದಿದ್ದು ಅದರ ಹೊಟ್ಟೇಲಿ ಕೂತಿರುತ್ತೆ. ಊರೊಳಗೆ ಮೆಲ್ಲಗೆ ಓಡಿಸುವಾಗ ಸುಮ್ನಿರುತ್ತೆ. ಹೈವೇಲಿ ನೂರಕ್ಕೆ ಎಳೆದಾಗ ಎದ್ದು ಬರುತ್ತೆ. ಅಲ್ಲಿ ಹಿಂದೆ ಟ್ರಕ್ಕು, ಪಕ್ಕದಲ್ಲಿ ಟ್ರಕ್ಕು. ಈ ಡಬ್ಬಿ ಆಗ ಏನೂ ಮಾಡಲ್ಲ. ಅದಕ್ಕೇ ಕೇಳ್ತಿರೋದು. ಹೆಚ್ಚು ಹಾಕಿದ್ರಾ?"

"ನಹೀಂ ಅಂಕಲ್, ಪಕ್ಕಾ ನಹೀಂ" ಎಂದಳು ಅಮೂಲ್ಯ, ಕಪ್ಪು ಡಬ್ಬಿಯನ್ನು ಚೀಲದ ಹತ್ತಿರ ಎಳೆದುಕೊಳ್ಳುತ್ತ. "ಇದನ್ನ ಪ್ಯಾಕ್ ಮಾಡಿ."

ದೊಡ್ಡ ಡಬ್ಬಿ ಇನ್ನೂ ಏಕನಾಥನ ಕೈಯಲ್ಲಿತ್ತು. ಅದನ್ನು ಮೇಜಿನ ಮೇಲಿಡುವಾಗ ಸದ್ದಾಯಿತು. ಯಜಮಾನ ಕಾಗದ ಸುತ್ತುವುದನ್ನು ನಿಲ್ಲಿಸಿದ.

"ಅಮ್ಮೂ."

"ಹಾಂ?"

"ನಾನು ಹಾಕ್ದೆ."

"ಏನು?"

"ಆಯಿಲ್. ಪೂಜೆ ದಿನ. ಒಂದು ಲೀಟರ್ ಪೂರ್ತಿ. ಗಾಡಿ ಬಿಸಿಯಾಗಿತ್ತು, ಕಡ್ಡಿ ಕಡಿಮೆ ತೋರಿಸ್ತು. ಅರ್ಧ ಉಳಿಸೋದು ಬೇಡ ಅಂತ..." ಅವನು ದೊಡ್ಡ ಡಬ್ಬಿಯನ್ನು ಆಚೆಗೆ ಸರಿಸಿದ. "ನಿನ್ನೆ ನಸೀಮ್ ಕಡ್ಡಿ ನೋಡಿ ಸರಿಯಾಗಿದೆ ಅಂದ. ನಾನು ಸುಮ್ನಾದೆ."

ಅಮೂಲ್ಯ ಅವನನ್ನು ನೋಡಿದಳು. ಅವಳ ಕಿವಿಯ ತುದಿ ಕೆಂಪಾಯಿತು, ಚಿಕ್ಕವಳಿದ್ದಾಗ ಅಳು ತಡೆಯುವಾಗ ಆಗುತ್ತಿದ್ದ ಹಾಗೆ.

"ಸೋಮವಾರ ನಾನು ಫರೀದಾಬಾದಿಗೆ ಹೋಗ್ತಿದ್ದೆ ಅಪ್ಪಾ."

"ಗೊತ್ತು."

"ಈ ಡಬ್ಬಿ ಹಾಕ್ಸಿಕೊಂಡು, ಎಲ್ಲಾ ಸರಿಯಾಯ್ತು ಅಂದ್ಕೊಂಡು ಹೋಗ್ತಿದ್ದೆ."

"ಗೊತ್ತು ಅಮ್ಮೂ."

"ಗೊತ್ತಿತ್ತಾ? ಗೊತ್ತಿದ್ದೂ..." ಅವಳು ಮಾತು ಮುಗಿಸದೆ ಅಂಗಡಿಯಿಂದ ಹೊರಗೆ ಹೋದಳು. ಗಲ್ಲಿಯಲ್ಲಿ ನೇತಾಡುವ ಬಂಪರುಗಳ ಕೆಳಗೆ, ಬೆನ್ನು ತಿರುಗಿಸಿ ನಿಂತಳು. ಕೂಲಿಯವನೊಬ್ಬ "ಹಟೋ ಮೇಡಂ, ಹಟೋ" ಎಂದು ಕೂಗಿದರೂ ಸರಿಯಲಿಲ್ಲ, ಅವನೇ ಬಳಸಿಕೊಂಡು ಹೋದ. ಇಂಟರ್‌ಕೂಲರ್ ವಿಷಯ ನನಗೂ ಈಗಲೇ ತಿಳಿದದ್ದು ಎಂದು ಏಕನಾಥ ಹೇಳಬೇಕೆಂದಿದ್ದ. ಆದರೆ ಅದು ತಿಳಿಯದೆ ಇದ್ದದ್ದರಿಂದ ಏನು ಕಡಿಮೆಯಾಗುತ್ತದೆ ಎಂದು ಅವನಿಗೇ ಹೊಳೆಯಲಿಲ್ಲ. ಭಾಷೆ ತಿಳಿಯದ ಯಜಮಾನ ಒಂದು ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ. ಏಕನಾಥ ಕೂರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಅಮೂಲ್ಯ ಒಳಗೆ ಬಂದಳು. ತಂದೆಯ ಕಡೆ ನೋಡಲಿಲ್ಲ. ಯಜಮಾನನಿಗೆ ಹೇಳಿದಳು: "ಅಂಕಲ್, ಹೆಚ್ಚಾಗಿತ್ತು. ಒಂದು ಲೀಟರ್."

"ಯಾರು ಹಾಕಿದ್ದು?"

ಅವಳು ಸ್ವಲ್ಪ ತಡೆದು, "ಘರ್ ಮೇಂ ಪೂಜಾ ಥೀ" ಎಂದಳು. ಮನೆಯಲ್ಲಿ ಪೂಜೆ ಇತ್ತು, ಅಷ್ಟೇ.

ಯಜಮಾನ ಮೇಲಿಂದ ಕೆಳಗೆ ತಲೆಯಾಡಿಸಿದ. "ಆಗುತ್ತೆ. ನಮ್ಮ ಭಾವಮೈದುನ ಹೊಸ ಗಾಡಿಯ ರೇಡಿಯೇಟರಿಗೆ ಗಂಗಾಜಲ ಹಾಕಿದ್ದ. ಬಾಟಲಿಯ ತಳದಲ್ಲಿ ಮರಳಿತ್ತು." ನಕ್ಕಿದ್ದು ಅವನೊಬ್ಬನೇ. "ಮೊದಲು ಇಂಟರ್‌ಕೂಲರ್ ಬಿಚ್ಚಿಸಿ ತೊಳೆಸಿ. ಪೈಪುಗಳನ್ನೂ. ಹಳೇ ಆಯಿಲ್ ಪೂರ್ತಿ ಇಳಿಸಿ ಅಳತೆಯಾಗಿ ಹೊಸದು ಹಾಕ್ಸಿ. ಆಮೇಲೆ ಈ ಡಬ್ಬಿ. ಅಲ್ಲೀವರೆಗೆ ಸೆಲ್ಫ್ ಕೂಡ ಹೊಡೀಬೇಡಿ."

ಮೆಟ್ರೋದಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಡಬ್ಬಿಯ ಪೊಟ್ಟಣ ಅಮೂಲ್ಯಳ ತೊಡೆಯ ಮೇಲಿತ್ತು. ರಾಜೀವ್ ಚೌಕದಲ್ಲಿ ಇಳಿದು ನೀಲಿ ಲೈನಿಗೆ ಬದಲಾಯಿಸುವ ನೂಕುನುಗ್ಗಲಲ್ಲಿ ಅವಳು ಒಮ್ಮೆ ಹಿಂತಿರುಗಿ ಅವನು ಬರುತ್ತಿದ್ದಾನೆಯೇ ಎಂದು ನೋಡಿದಳು. ರೈಲು ಅಕ್ಷರಧಾಮ ದಾಟಿತು.

"ಅಮ್ಮಂಗೆ ಹೇಳ್ತೀಯಾ?" ಎಂದು ಕೇಳಿದಳು.

"ಹೇಳ್ತೀನಿ."

"ನಿಂಬೆಹಣ್ಣು ಬಿಡ್ತಾಳೆ ಅಂದ್ಕೊಂಡಿದೀಯಾ? ಎರಡೂ ಸೇರಿ ಆಗಿದ್ದು ಅಂತಾಳೆ."

ಅವನು ನಗಲು ನೋಡಿದ. ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಕಾರನ್ನು ತಳ್ಳಿಕೊಂಡೇ ನಸೀಮನ ತಗಡಿನ ಕೆಳಗೆ ತಂದರು. ಏಕನಾಥ ತಾನೇ ಮುಂದೆ ನಿಂತು ಹೇಳಿದ, ಎಷ್ಟು ಹಾಕಿದೆ, ಯಾವಾಗ ಹಾಕಿದೆ ಎಂದು. ನಸೀಮ್ ಬಂಪರ್ ಬಿಚ್ಚಿ, ಇಂಟರ್‌ಕೂಲರಿನ ಕೆಳಗಿನ ಪೈಪು ಸಡಿಲಿಸಿ, ಅರ್ಧಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನೊಂದನ್ನು ಅಡಿಗೆ ಹಿಡಿದ. ಮೊದಲು ಹನಿ. ಆಮೇಲೆ ಕಪ್ಪು ದಾರ. ನಿಂತಿತು ಅಂದುಕೊಂಡಾಗ ಅವನು ಇಂಟರ್‌ಕೂಲರನ್ನು ಓರೆ ಮಾಡಿದ. ಮತ್ತೆ ಬಂತು. ಎರಡು ಚಹಾ ಲೋಟದಷ್ಟಾದ ಮೇಲೂ ತೊಟ್ಟಿಕ್ಕುತ್ತಲೇ ಇತ್ತು.

"ಯಾ ಅಲ್ಲಾಹ್" ಎಂದ ನಸೀಮ್ ಮೆಲ್ಲಗೆ. ಹುಬ್ಬಿನ ಬೆವರು ಒರೆಸಿಕೊಂಡ. "ಇದನ್ನ ನಾನು ನೋಡಬೇಕಿತ್ತು ಸರ್. ಶುಕ್ರವಾರಾನೇ ಬಿಚ್ಚಬೇಕಿತ್ತು. ಕಡ್ಡಿ ನೋಡಿ ಮೋಸ ಹೋದೆ."

ಏಕನಾಥ ಆ ಕ್ಯಾನಿನೊಳಗೆ ನೋಡಿದ. ತನ್ನ ಮುಖದ ಆಕಾರವೊಂದು ಅದರಲ್ಲಿ ಅಲುಗಿತು. ಅಲ್ಲೇ ಇಟ್ಟಿಗೆಯ ಮೇಲೆ ಕೂತುಬಿಟ್ಟ. ಅಮೂಲ್ಯ ನೀರಿನ ಬಾಟಲಿಯನ್ನು ಅವನ ಪಕ್ಕ ಇಟ್ಟು ಹೋಗಿ ಪೈಪು ಹಿಡಿದಳು.

ಎಲ್ಲ ಮುಗಿಯುವಾಗ ಮಧ್ಯಾಹ್ನ ಮೂರು. ಕಪ್ಪು ಡಬ್ಬಿ ಬ್ಯಾಟರಿಯ ಪಕ್ಕ ಗಟ್ಟಿಯಾಗಿ ಕೂತಿತ್ತು. ಹೊಸ ಆಯಿಲ್ ಹಾಕಿ ಹದಿನೈದು ನಿಮಿಷ ಕಾದು, ಏಕನಾಥನ ಕೈಯಲ್ಲೇ ಕಡ್ಡಿ ಎಳೆಸಿ ನೋಡಿದರು. ನಸೀಮ್ ಪಕ್ಕದಲ್ಲಿ ಕೂತು, ಅಮೂಲ್ಯ ಕಾರನ್ನು ಜೋರಾಗಿ ಓಡಿಸಿ ನೋಡಲು ನೋಯ್ಡಾ ಲಿಂಕ್ ರಸ್ತೆಗೆ ಒಯ್ದಳು. ಅವರು ಹಿಂತಿರುಗುವವರೆಗಿನ ಇಪ್ಪತ್ತೈದು ನಿಮಿಷ ಏಕನಾಥ ಗೇಟಿನ ಬಳಿಯೇ ನಿಂತಿದ್ದ. ಕಾವಲುಗಾರ ಕುರ್ಚಿ ಕೊಟ್ಟರೂ ಕೂರಲಿಲ್ಲ.

ಕಾರು ಮೊನ್ನೆ ನಿಂತ ಜಾಗದಲ್ಲೇ ಬಂದು ನಿಂತಿತು. ಎಂಜಿನ್ ಚಾಲೂ ಇತ್ತು. ಅಮೂಲ್ಯ ಇಳಿದು ಬಾಗಿಲನ್ನು ಹಿಡಿದುಕೊಂಡಳು.

"ಅಪ್ಪಾ, ಬಾ. ನೀನೇ ಆಫ್ ಮಾಡು."

"ನೀನೇ ಮಾಡು ಅಮ್ಮೂ."

"ನಾಳೆ ಆರೂವರೆಗೆ ನಾನು ಹೊರಡೋದು. ಅಷ್ಟೊತ್ತೂ ನೀನು ಇಲ್ಲೇ ನಿಂತಿರ್ತೀಯಾ? ಬಾ."

ಅವನು ಸೀಟಿನಲ್ಲಿ ಕೂತ. ಸೀಟು ಇನ್ನೂ ಅವಳ ಮೈಯ ಬಿಸಿಯಲ್ಲಿತ್ತು. ಎಡಗೈ ತಾನಾಗಿ ಗೇರಿನ ಮೇಲೆ ಹೋಯಿತು, ಬಲಗಾಲು ಬ್ರೇಕಿನ ಮೇಲೆ.

"ನೀನು ದೂರ ನಿಂತ್ಕೋ."

ಅವಳು ದೂರ ಹೋಗಲಿಲ್ಲ. ಕಾರಿನ ಮುಂದಕ್ಕೆ ಬಂದು ಕುಂಕುಮದ ಬೊಟ್ಟಿನ ಪಕ್ಕ ಬಾನೆಟ್ಟಿನ ಮೇಲೆ ಅಂಗೈ ಊರಿದಳು.

ಅವನು ಕೀಲಿ ತಿರುಗಿಸಿದ. ಎಂಜಿನ್ ನಿಂತಿತು.

ಆದರೆ ಬಾನೆಟ್ಟಿನ ಒಳಗೆ ಏನೋ ಇನ್ನೂ ತಿರುಗುತ್ತಿತ್ತು. ಹೂಂ ಎನ್ನುವ ಸದ್ದು, ನಿಲ್ಲದೆ. ಕೀಲಿ ಅವನ ಕೈಯಲ್ಲಿತ್ತು. ಅವನು ಗಾಜಿನಾಚೆ ಅವಳನ್ನು ನೋಡಿದ, ಬ್ರೇಕನ್ನು ಇನ್ನೂ ಒತ್ತಿದ.

"ಫ್ಯಾನ್ ಅಪ್ಪಾ" ಎಂದಳು ಅವಳು. "ರೇಡಿಯೇಟರ್ ಫ್ಯಾನ್. ತಣ್ಣಗಾಗೋವರೆಗೂ ತಿರುಗುತ್ತೆ."

ಅವನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಅವಳು ಬಾನೆಟ್ಟಿನಿಂದ ಕೈ ತೆಗೆಯಲಿಲ್ಲ. ಫ್ಯಾನು ಇನ್ನೂ ಸ್ವಲ್ಪ ಹೊತ್ತು ತಿರುಗಿತು, ಮೆಲ್ಲಗಾಯಿತು, ನಿಂತಿತು. ಗ್ರಿಲ್ಲಿನ ಮಾಲೆಯಿಂದ ಒಣಗಿದ ಚೆಂಡುಹೂವೊಂದು ಕಳಚಿ, ಮೊನ್ನೆಯ ಹಾಲಿನ ಬಿಳಿ ಕಲೆಯ ಹತ್ತಿರ ಬಿತ್ತು.